ಮನೆಯಲ್ಲೇ ಶಿಶುಪಾಲನೆ ನಡೆಸುವ ಮಹಿಳೆಗೆ ಹೆರಿಗೆ ರಜೆ: ಮುಂಚಿತ ಸಿದ್ಧತೆ ಹೇಗೆ?

ಸರ್ಕಾರಿ ಶಾಲೆಯ ಶಿಕ್ಷಕಿಗೆ 180 ದಿನಗಳ ಹೆರಿಗೆ ರಜೆ ಇದೆ. ಆ ರಜೆ ಮುಗಿದ ಮರುದಿನ ಆಕೆ ತನ್ನ ಆರು ತಿಂಗಳ ಕೂಸನ್ನು ಯಾವ ಮಹಿಳೆಯ ಮಡಿಲಿಗೆ ಒಪ್ಪಿಸಿ ಶಾಲೆಗೆ ಹೊರಡುತ್ತಾಳೋ, ಆ ಮಹಿಳೆಗೆ ಮಾತ್ರ ಒಂದು ದಿನದ ಹೆರಿಗೆ ರಜೆಯೂ ಇಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಉದ್ಯೋಗಸ್ಥ ತಾಯಂದಿರಿಗೆ ದೊಡ್ಡ ನಗರಗಳಲ್ಲಿರುವಂತೆ ಶಿಶುಪಾಲನಾ ಕೇಂದ್ರಗಳ ಆಯ್ಕೆ ಇರುವುದಿಲ್ಲ. ಅಜ್ಜಿಯ ಆಸರೆ ಇಲ್ಲದ ಮನೆಗಳಿಗೆ ಉಳಿಯುವ ದಾರಿ, ಓಣಿಯಲ್ಲಿ ನಾಲ್ಕಾರು ಮಕ್ಕಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಗೃಹಿಣಿಯದು. ಜನರ ಬಾಯಲ್ಲಿ ಇದು ‘ಬೇಬಿ ಸಿಟ್ಟಿಂಗ್’. ಸರ್ಕಾರದ ದಾಖಲೆಗಳಲ್ಲಿ ಬಹುಮಟ್ಟಿಗೆ ಇದಕ್ಕೆ ಹೆಸರೇ ಇಲ್ಲ.

ಇಂತಹ ಶಿಶುಪಾಲಕಿ ಸ್ವತಃ ಗರ್ಭಿಣಿಯಾದಾಗ ಸಮಸ್ಯೆ ಆಕೆಯೊಬ್ಬಳದಾಗಿ ಉಳಿಯುವುದಿಲ್ಲ. ಆಕೆಯ ಬಾಗಿಲು ಮುಚ್ಚಿದರೆ ಐದಾರು ತಾಯಂದಿರ ನೌಕರಿ ಇಕ್ಕಟ್ಟಿಗೆ ಸಿಲುಕುತ್ತದೆ. ಬಡ ಕುಟುಂಬಗಳಲ್ಲಿ ಶಾಲೆಗೆ ಹೋಗುವ ಹಿರಿಯ ಮಗಳು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಮನೆಯಲ್ಲಿ ಉಳಿಯಬೇಕಾಗುತ್ತದೆ. ಬಾಗಿಲು ಮುಚ್ಚದೆ ಕೊನೆಯ ದಿನದವರೆಗೂ ದುಡಿದರೆ ತಾಯಿ ಮತ್ತು ಹುಟ್ಟಲಿರುವ ಮಗುವಿನ ಆರೋಗ್ಯಕ್ಕೆ ಕುತ್ತು. ರಜೆ ಕೊಡುವ ಧಣಿ ಇಲ್ಲದ ಈ ವೃತ್ತಿಯಲ್ಲಿ ರಜೆಯನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. ಹಣ, ಬದಲಿ ವ್ಯಕ್ತಿ ಮತ್ತು ಪೋಷಕರ ಒಪ್ಪಿಗೆ, ಈ ಮೂರೂ ಏಳನೆಯ ತಿಂಗಳೊಳಗೆ ಸಿದ್ಧವಾಗಿರಬೇಕು.

ಕಾನೂನಿನ ನೆರಳು ಎಲ್ಲಿಯವರೆಗೆ?

ಭಾರತದಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ದೀರ್ಘ ಇತಿಹಾಸವಿದೆ. 1929ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಈ ಬಗ್ಗೆ ಕಾಯ್ದೆಯಾಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. ಈ ಕಾಯ್ದೆಯ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದ್ದು, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದ ಮಹಿಳೆಗೆ 26 ವಾರಗಳ ರಜೆ ದೊರೆಯುತ್ತದೆ. ಇದರಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುನ್ನ ಪಡೆಯಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ರಜೆ 12 ವಾರಗಳಿಗೆ ಸೀಮಿತ. ಹೆರಿಗೆಯ ನಂತರದ ಆರು ವಾರ ಮಹಿಳೆಯಿಂದ ಕೆಲಸ ಮಾಡಿಸುವುದನ್ನೇ ಕಾನೂನು ನಿಷೇಧಿಸಿದೆ.

ಈ ಎಲ್ಲ ನಿಯಮಗಳ ಹೊಣೆ ಮಾಲೀಕನದು. ಸ್ವಂತ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಗೆ ಮಾಲೀಕನೇ ಇಲ್ಲ. ಹಾಗಾಗಿ ಹೆರಿಗೆಯಾದ ಹದಿನೈದನೆಯ ದಿನಕ್ಕೆ ಆಕೆ ಮತ್ತೆ ಮಕ್ಕಳನ್ನು ಸೇರಿಸಿಕೊಂಡರೂ ಕೇಳುವವರಿಲ್ಲ. ಅಸಂಘಟಿತ ವಲಯದವರಿಗಾಗಿ ಆರೋಗ್ಯ ಮತ್ತು ಹೆರಿಗೆ ಸೌಲಭ್ಯದ ಯೋಜನೆ ರೂಪಿಸಬೇಕೆಂಬ ಮಾತು 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿತ್ತು. ಹೊಸ ಸಂಹಿತೆಯಲ್ಲಿಯೂ ಇದೆ. ಸ್ವಯಂ ಉದ್ಯೋಗಿಗಳೂ ಆ ವಲಯದ ವ್ಯಾಪ್ತಿಗೆ ಬರುತ್ತಾರೆ. 2021ರಲ್ಲಿ ಆರಂಭವಾದ ಇ–ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಕಾರ್ಡ್ ಪಡೆಯುವುದು ಈ ಕಾರಣಕ್ಕೆ ಉಪಯುಕ್ತ.

ಅಂಗನವಾಡಿ, ಕೂಸಿನ ಮನೆ ಮತ್ತು ಓಣಿಯ ಮನೆ

ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಒಂದೇ ಆದರೂ ಅದನ್ನು ಮಾಡುವವರ ಸ್ಥಾನಮಾನ ಒಂದೇ ಅಲ್ಲ. ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ ಆರಂಭವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಪಡೆಯುವುದು ವೇತನವಲ್ಲ, ಗೌರವಧನ. ಅವರದು ಸರ್ಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದಿತು. ಹೆರಿಗೆಯ ವಿಷಯದಲ್ಲಿ ಅವರಿಗೆ 180 ದಿನಗಳ ಗೌರವಧನಸಹಿತ ರಜೆ ಸಿಗುತ್ತದೆ.

ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿಂದ ಮನೆಗೆ ಪೌಷ್ಟಿಕ ಆಹಾರ ದೊರೆಯುತ್ತದೆಯೇ ಹೊರತು ಸಾಮಾನ್ಯವಾಗಿ ಇಡೀ ದಿನದ ಪಾಲನೆ ದೊರೆಯುವುದಿಲ್ಲ. ಈ ಕೊರತೆ ತುಂಬಲು ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು, ತರಬೇತಿ ಪಡೆದ ಅದೇ ಊರಿನ ಮಹಿಳೆಯರು ಸರದಿಯಂತೆ ನೋಡಿಕೊಳ್ಳುವ ಏರ್ಪಾಡು ಇದು. ನರೇಗಾ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿರುವುದರಿಂದ, ಆಯಾ ಊರಿನ ಕೇಂದ್ರದ ಸ್ಥಿತಿಗತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ತಿಳಿಯುವುದು ಸೂಕ್ತ.

ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಕೂಸಿನ ಮನೆಯಿಂದ ಕಲಿಯಬೇಕಾದ ಪಾಠವೊಂದಿದೆ. ಅದರ ವ್ಯವಸ್ಥೆ ಒಬ್ಬಳೇ ಮಹಿಳೆಯನ್ನು ನಂಬಿ ನಿಂತಿಲ್ಲ. ಹಲವರಿಗೆ ತರಬೇತಿ ಇರುವುದರಿಂದ ಒಬ್ಬರು ಇಲ್ಲದ ದಿನ ಇನ್ನೊಬ್ಬರು ಇರುತ್ತಾರೆ. ಓಣಿಯ ಮನೆಗಳಲ್ಲಿ ಇಲ್ಲದಿರುವುದು ಇದೇ.

ಕೈಗೆ ಬರುವ ಹಣ ಎಷ್ಟು, ಯಾವಾಗ?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಸರ್ಕಾರಿ ನೌಕರಿಯಲ್ಲಿ ಇರುವವರು ಹಾಗೂ ಬೇರೆ ಕಾನೂನಿನಡಿ ಇಂತಹದೇ ಸೌಲಭ್ಯ ಪಡೆಯುವವರನ್ನು ಬಿಟ್ಟು, ಉಳಿದ ಗರ್ಭಿಣಿ ಹಾಗೂ ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವು ಸಿಗಬೇಕೆಂದು ಹೇಳುತ್ತದೆ. ಅದರ ಆಧಾರದ ಮೇಲೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಹೆರಿಗೆಗೆ 5,000 ರೂಪಾಯಿ ಎರಡು ಕಂತುಗಳಲ್ಲಿ ಬರುತ್ತದೆ. ಗರ್ಭ ನೋಂದಣಿಯಾಗಿ ತಪಾಸಣೆ ಮಾಡಿಸಿಕೊಂಡ ಮೇಲೆ 3,000, ಮಗುವಿನ ಜನನ ನೋಂದಣಿ ಹಾಗೂ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000 ರೂಪಾಯಿ. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ದೊರೆಯುತ್ತದೆ. ಅರ್ಜಿಯನ್ನು ಅಂಗನವಾಡಿಯ ಮೂಲಕ ಸಲ್ಲಿಸಬಹುದು. ಆಧಾರ್ ಜೋಡಣೆಯಾದ, ತಾಯಿಯದೇ ಹೆಸರಿನ ಬ್ಯಾಂಕ್ ಖಾತೆ ಅಗತ್ಯ. ಅರ್ಹತೆಗೆ ಪರಿಗಣಿಸುವ ದಾಖಲೆಗಳಲ್ಲಿ ಇ–ಶ್ರಮ್ ಕಾರ್ಡ್ ಸಹ ಒಂದು.

ಗಮನಿಸಬೇಕಾದದ್ದು ಕಂತುಗಳ ಸಮಯ. ಮೊದಲ ಸುತ್ತಿನ ಲಸಿಕೆ ಮುಗಿಯುವುದು ಮಗುವಿಗೆ ಹದಿನಾಲ್ಕು ವಾರ ತುಂಬಿದಾಗ. ಆದ್ದರಿಂದ ಮನೆಯ ಗಳಿಕೆ ಪೂರ್ತಿ ನಿಂತಿರುವ ಮೊದಲ ಮೂರು ತಿಂಗಳಲ್ಲಿ ಎರಡನೆಯ ಕಂತನ್ನು ನಂಬುವಂತಿಲ್ಲ.

ಉಳಿತಾಯದ ಸರಳ ಲೆಕ್ಕ

ಲೆಕ್ಕ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. ಆರು ಮಕ್ಕಳು, ಖರ್ಚು ಕಳೆದು ಪ್ರತಿ ಮಗುವಿನಿಂದ ತಿಂಗಳಿಗೆ 1,500 ರೂಪಾಯಿ ಎಂದರೆ ಗಳಿಕೆ 9,000 ರೂಪಾಯಿ. ಮಾತೃ ವಂದನಾದ ಪೂರ್ತಿ 5,000 ರೂಪಾಯಿ ಈ ಗಳಿಕೆಯ ಹದಿನೇಳು ದಿನಗಳಿಗೂ ಸಮವಲ್ಲ.

ರಜೆಯ ಅವಧಿಯಲ್ಲಿ ಈ ಗಳಿಕೆಯ ಅರ್ಧ, ಅಂದರೆ ತಿಂಗಳಿಗೆ 4,500 ರೂಪಾಯಿ ಇದ್ದರೆ ಮನೆ ನಡೆಯುತ್ತದೆ ಎಂದುಕೊಳ್ಳೋಣ. ಎರಡನೆಯ ತಿಂಗಳಲ್ಲಿ ಗರ್ಭ ಖಚಿತವಾದಂದಿನಿಂದ ಏಳು ತಿಂಗಳ ಕಾಲ ಒಂದು ಮಗುವಿನ ಶುಲ್ಕವನ್ನು ಮುಟ್ಟದೆ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಇಟ್ಟರೆ 10,500 ರೂಪಾಯಿ ಕೂಡುತ್ತದೆ. ಮೊದಲ ಕಂತಿನ 3,000 ಸೇರಿ 13,500. ಇದು ಮೂರು ತಿಂಗಳಿಗೆ ಸರಿಯಾಗುತ್ತದೆ. ಇಬ್ಬರು ಮಕ್ಕಳ ಶುಲ್ಕ ಉಳಿಸಿದರೆ 21,000. ಎರಡೂ ಕಂತು ಸೇರಿ 26,000. ಆರು ತಿಂಗಳ ರಜೆಗೆ ಸಾವಿರ ರೂಪಾಯಿ ಮಾತ್ರ ಕಡಿಮೆ. ಹೆರಿಗೆ ಬೇನೆಯ ದಿನ ಕೈಸಾಲ ಹುಡುಕುವುದಕ್ಕಿಂತ ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದಲ್ಲಿ ಮೊದಲೇ ಮಾತಾಡಿ, ಸಾಲದ ಕಂತನ್ನು ಬಾಣಂತನದ ತಿಂಗಳುಗಳಿಂದ ಮುಂದೂಡಿಕೊಳ್ಳುವುದು ಕ್ಷೇಮ.

ತವರು, ಸುಗ್ಗಿ ಮತ್ತು ಬೇಸಿಗೆ: ಬಾಗಿಲು ಮುಚ್ಚುವ ದಿನ ಯಾವುದು?

ಈ ಭಾಗದಲ್ಲಿ ಮೊದಲ ಹೆರಿಗೆ ತವರಿನಲ್ಲಾಗುವುದು ವಾಡಿಕೆ. ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿ ತವರಿಗೆ ಹೋದವಳು ಬಾಣಂತನ ಮುಗಿಸಿ ತೊಟ್ಟಿಲೊಡನೆ ಮರಳುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿರುತ್ತದೆ. ಅಷ್ಟು ದಿನ ಮುಚ್ಚಿದ ಬಾಗಿಲಿಗೆ ಹಳೆಯ ಮಕ್ಕಳು ಮರಳುವ ಸಾಧ್ಯತೆ ಕಡಿಮೆ. ಆರೋಗ್ಯ ಚೆನ್ನಾಗಿದ್ದು ವೈದ್ಯರು ಒಪ್ಪಿದರೆ, ಕುಬಸವನ್ನು ಗಂಡನ ಮನೆಯಲ್ಲಿಯೇ ಮುಗಿಸಿ ಎಂಟನೆಯ ತಿಂಗಳ ಕೊನೆಯಲ್ಲಿ ತವರಿಗೆ ಹೋಗುವ ಬಗ್ಗೆ ಎರಡೂ ಮನೆಯ ಹಿರಿಯರೊಂದಿಗೆ ಮೊದಲೇ ಮಾತನಾಡಬಹುದು. ಆಳಂದ, ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ತವರು ಅಕ್ಕಲಕೋಟ ಅಥವಾ ಸೊಲ್ಲಾಪುರದ ಕಡೆಗಿದ್ದರೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಮತ್ತು ಆಧಾರ್ ಜೊತೆಯಲ್ಲಿರಲಿ. ಮಾತೃ ವಂದನಾ ಕೇಂದ್ರ ಸರ್ಕಾರದ ಯೋಜನೆಯಾದ್ದರಿಂದ ಗಡಿ ದಾಟಿದರೆ ನೆರವು ತಪ್ಪುವುದಿಲ್ಲ.

ಯಾವ ತಿಂಗಳಲ್ಲಿ ಮಕ್ಕಳು ಹೆಚ್ಚು, ಯಾವ ತಿಂಗಳಲ್ಲಿ ಕಡಿಮೆ ಎಂಬುದೂ ಮುಖ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹತ್ತಿ ಬಿಡಿಸುವುದು, ತೊಗರಿ ಕೊಯ್ಲು ಮತ್ತು ರಾಶಿ, ಕಬ್ಬಿನ ಕಟಾವು ಒಂದರ ಬೆನ್ನಿಗೆ ಒಂದು ಬರುತ್ತವೆ. ಕೂಲಿಗೆ ಹೋಗುವ ತಾಯಂದಿರಿಗೆ ಕೂಸು ಬಿಡಲು ಜಾಗ ಬೇಕಾಗುವುದು ಆಗಲೇ. ಏಪ್ರಿಲ್, ಮೇ ತಿಂಗಳಲ್ಲಿ ಶಿಕ್ಷಕಿಯರಿಗೆ ಬೇಸಿಗೆ ರಜೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೂ ಬಿಸಿಲಿನ ಕಾರಣಕ್ಕೆ ಆ ಎರಡು ತಿಂಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಪಟ್ಟಣದಲ್ಲಿ ನೌಕರರ ಮಕ್ಕಳನ್ನೇ ನೋಡಿಕೊಳ್ಳುವವರಿಗೆ ಬೇಸಿಗೆಯಲ್ಲಿ ಬಾಗಿಲು ಮುಚ್ಚಿದರೆ ನಷ್ಟ ಕಡಿಮೆ. ಹಳ್ಳಿಯಲ್ಲಿ ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವವರು ಸುಗ್ಗಿಗೆ ಮೊದಲೇ ಬದಲಿಯನ್ನು ಗೊತ್ತುಮಾಡಬೇಕು. ಹೆರಿಗೆಯ ದಿನ ನಮ್ಮ ಕೈಯಲ್ಲಿಲ್ಲವಾದರೂ, ಯಾವ ತಿಂಗಳಲ್ಲಿ ಎಷ್ಟು ಗಳಿಕೆ ತಪ್ಪುತ್ತದೆ ಎಂಬ ಅಂದಾಜು ಸಿಗುತ್ತದೆ.

ಗರ್ಭಿಣಿಯ ಆರೋಗ್ಯ, ಮಕ್ಕಳ ಸೋಂಕು

ಸಣ್ಣ ಮಕ್ಕಳ ನಡುವೆ ದಿನವಿಡೀ ಇರುವ ಗರ್ಭಿಣಿಗೆ ಕೆಲವು ವಿಶೇಷ ಅಪಾಯಗಳಿವೆ. ರುಬೆಲ್ಲಾ ಸೋಂಕು ಗರ್ಭದ ಮೊದಲ ತಿಂಗಳುಗಳಲ್ಲಿ ತಗುಲಿದರೆ ಶಿಶುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು. ಚಿಕನ್‌ಪಾಕ್ಸ್ ಸಹ ಗರ್ಭಿಣಿಯಲ್ಲಿ ತೀವ್ರ ಸ್ವರೂಪ ತಾಳಬಹುದು. ಈ ಎರಡರ ಲಸಿಕೆಗಳನ್ನೂ ಗರ್ಭಾವಸ್ಥೆಯಲ್ಲಿ ಕೊಡುವಂತಿಲ್ಲ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರ ಸಲಹೆ ಪಡೆಯಬೇಕು. ಸೈಟೊಮೆಗಾಲೊ ಎಂಬ ವೈರಸ್ ಎಳೆಯ ಮಕ್ಕಳ ಜೊಲ್ಲು ಮತ್ತು ಮೂತ್ರದ ಮೂಲಕ ಹರಡುತ್ತದೆ. ಬಟ್ಟೆ ಬದಲಿಸಿದ, ಮೂಗು ಒರೆಸಿದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯುವುದು, ಮಗು ತಿಂದು ಬಿಟ್ಟದ್ದನ್ನು ತಿನ್ನದಿರುವುದು ಇದಕ್ಕೆ ಸರಳ ರಕ್ಷಣೆ. ಮೈಮೇಲೆ ಗುಳ್ಳೆ ಎದ್ದ, ಜ್ವರವಿರುವ ಮಗುವನ್ನು ಆ ದಿನ ಕರೆತರಬಾರದೆಂಬ ನಿಯಮವನ್ನು ಪೋಷಕರಿಗೆ ಮೊದಲೇ ತಿಳಿಸಿರಬೇಕು.

ದಿನಕ್ಕೆ ಹತ್ತಾರು ಸಲ ಮಕ್ಕಳನ್ನು ಎತ್ತಿ ಇಳಿಸುವ ಕೆಲಸವನ್ನು ಐದನೆಯ ತಿಂಗಳಿನಿಂದ ಕಡಿಮೆ ಮಾಡಬೇಕು. ನಡೆಯಲು ಬಾರದ ಹೊಸ ಕೂಸುಗಳನ್ನು ಆ ಅವಧಿಯಲ್ಲಿ ಸೇರಿಸಿಕೊಳ್ಳದಿರುವುದು ಲೇಸು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ಶಿಶುಪಾಲನೆಗೆ ಅರ್ಧ ದಿನ ರಜೆ ಎಂದು ಗೊತ್ತುಮಾಡಿದರೆ ತಪಾಸಣೆ ತಪ್ಪುವುದಿಲ್ಲ.

ಬೇನೆ ಹಗಲಿನಲ್ಲಿ, ಮಕ್ಕಳು ಮನೆಯಲ್ಲಿರುವಾಗಲೇ ಆರಂಭವಾಗಬಹುದು. ಆಳಂದ, ಜೇವರ್ಗಿಗಳಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳು ಸುಮಾರು 40 ಕಿ.ಮೀ. ದೂರ, ಅಫಜಲಪುರದಿಂದ ಇನ್ನೂ ಹೆಚ್ಚು. 108ಕ್ಕೆ ಕರೆ ಮಾಡುವವರು ಯಾರು, ಮಕ್ಕಳೊಂದಿಗೆ ಉಳಿಯುವ ನೆರೆಮನೆಯವರು ಯಾರು, ಪೋಷಕರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬ ಮೂರು ಹೆಸರು ಹಾಗೂ ಮೊಬೈಲ್ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಿರಬೇಕು.

ಬದಲಿ ವ್ಯಕ್ತಿ ಮತ್ತು ಪೋಷಕರ ಒಪ್ಪಂದ

ಬದಲಿಯಾಗಿ ಬರುವವರು ವಯಸ್ಕರೇ ಆಗಿರಬೇಕು. ಶಾಲೆ ಬಿಡಿಸಿದ ಬಾಲಕಿಯನ್ನು ಈ ಕೆಲಸಕ್ಕೆ ಹಚ್ಚುವುದು ಒಂದು ಮಗುವಿನ ಪಾಲನೆಗಾಗಿ ಇನ್ನೊಂದು ಮಗುವಿನ ಬಾಲ್ಯವನ್ನು ಕಸಿದಂತೆ. ನೆಗೆಣ್ಣಿ, ಅತ್ತೆ ಅಥವಾ ಮಕ್ಕಳನ್ನು ಸಾಕಿ ಅನುಭವವಿರುವ ನೆರೆಯ ಮಹಿಳೆ ಆರನೆಯ ತಿಂಗಳಿನಿಂದಲೇ ದಿನಕ್ಕೆ ಎರಡು ಗಂಟೆ ಜೊತೆಯಲ್ಲಿದ್ದರೆ ಮಕ್ಕಳಿಗೆ ಮುಖ ಪರಿಚಯವಾಗುತ್ತದೆ. ಬದಲಿಯವರಿಗೆ ಶುಲ್ಕದಲ್ಲಿ ಎಷ್ಟು ಪಾಲು, ಬಾಣಂತಿ ಮರಳಿದ ಮೇಲೆ ಮಕ್ಕಳು ಯಾರ ಬಳಿ ಎಂಬುದನ್ನು ಆರಂಭದಲ್ಲೇ ಇತ್ಯರ್ಥಪಡಿಸಿದರೆ ನಂಟಿಗೂ ಧಕ್ಕೆಯಿಲ್ಲ, ಗಂಟಿಗೂ ಧಕ್ಕೆಯಿಲ್ಲ. ಒಂದೇ ಪಟ್ಟಣದಲ್ಲಿ ಇಂತಹ ಇಬ್ಬರು ಮೂವರಿದ್ದರೆ, ಒಬ್ಬರ ಬಾಣಂತನದಲ್ಲಿ ಇನ್ನೊಬ್ಬರು ಮಕ್ಕಳನ್ನು ಹಂಚಿಕೊಳ್ಳುವ ಒಪ್ಪಂದ ಎಲ್ಲರಿಗೂ ಲಾಭ. ಅಹಮದಾಬಾದಿನಲ್ಲಿ ‘ಸೇವಾ’ ಸಂಘಟನೆಯ ಬೆಂಬಲದಿಂದ ಶಿಶುಪಾಲಕಿಯರದೇ ಆದ ‘ಸಂಗಿನಿ’ ಸಹಕಾರಿ ಸಂಘ 1986ರಷ್ಟು ಹಿಂದೆಯೇ ರೂಪುಗೊಂಡಿತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸ್ವಯಂ ಉದ್ಯೋಗಿ ಮಹಿಳೆಯೂ ಅರ್ಹತೆ ಇದ್ದರೆ ಸರ್ಕಾರದಿಂದ 39 ವಾರಗಳವರೆಗೆ ಹೆರಿಗೆ ಭತ್ಯೆ ಪಡೆಯಬಹುದು.

ಪೋಷಕರಿಗೆ ಐದನೆಯ ತಿಂಗಳಲ್ಲಿ ವಿಷಯ ತಿಳಿಸುವುದು ಉತ್ತಮ. ಮಕ್ಕಳು ಬೇರೆಡೆಗೆ ಹೋದಾರೆಂಬ ಅಂಜಿಕೆಯಿಂದ ಎಂಟನೆಯ ತಿಂಗಳವರೆಗೆ ಮುಚ್ಚಿಟ್ಟರೆ ಅವರಿಗೂ ಬೇರೆ ದಾರಿ ಹುಡುಕಲು ಸಮಯ ಸಿಗುವುದಿಲ್ಲ. ಬಾಗಿಲು ಮುಚ್ಚುವ ದಿನ, ಮತ್ತೆ ತೆರೆಯುವ ಅಂದಾಜು ದಿನ, ಬದಲಿಯವರ ಹೆಸರು, ಜಾಗ ಕಾಯ್ದಿರಿಸಲು ಕೊಡಬೇಕಾದ ಮುಂಗಡ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಿದರೆ ಸಾಕು. ಹತ್ತು ತಿಂಗಳ ದುಡಿಮೆಗೆ ಒಂದು ತಿಂಗಳ ಶುಲ್ಕದಂತೆ ಹೆರಿಗೆಯ ಕೊಡುಗೆ ನೀಡಲು ಪೋಷಕರು ಮನಸ್ಸು ಮಾಡಿದರೆ, ಆರು ಮನೆಗಳಿಂದ ಆಕೆಗೆ ಒಂದು ತಿಂಗಳ ಪೂರ್ತಿ ಗಳಿಕೆ ಸಿಕ್ಕಂತಾಗುತ್ತದೆ. ಸ್ವತಃ ಸಂಬಳಸಹಿತ ರಜೆ ಪಡೆದ ತಾಯಂದಿರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಬಾಗಿಲು ತೆರೆಯುವಾಗ

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು, ನೀರು ಸಹ ಬೇಡ ಎಂಬುದು ವೈದ್ಯರ ಸಲಹೆ. ಈ ವಿಷಯದಲ್ಲಿ ಮನೆಯಲ್ಲೇ ದುಡಿಯುವ ತಾಯಿಗೆ ಒಂದು ಅನುಕೂಲವಿದೆ. ಆಕೆ ಮಗುವನ್ನು ಬಿಟ್ಟು ಹೊರಗೆ ಹೋಗಬೇಕಿಲ್ಲ. ಅದೇ ಅನುಕೂಲ ಬೇಗನೆ ಕೆಲಸಕ್ಕೆ ಇಳಿಯುವ ಆಸೆಯನ್ನೂ ಹುಟ್ಟಿಸುತ್ತದೆ. ಕನಿಷ್ಠ ಆರು ವಾರ ಯಾವ ಮಗುವನ್ನೂ ಸೇರಿಸಿಕೊಳ್ಳಬಾರದು. ಆಸ್ಪತ್ರೆ ಹೆರಿಗೆಯ ನಂತರ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಭೇಟಿ ನೀಡುವ ವ್ಯವಸ್ಥೆಯ ಹಿಂದಿರುವುದೂ ಇದೇ ಎಚ್ಚರ. ಶಸ್ತ್ರಚಿಕಿತ್ಸೆಯ ಹೆರಿಗೆಯಾದರೆ ವೈದ್ಯರು ಹೇಳಿದಷ್ಟು ದಿನ ಕಾಯಬೇಕು. ಮರಳಿ ಆರಂಭಿಸುವಾಗ ಮೊದಲ ತಿಂಗಳು ಇಬ್ಬರು ಮೂವರು ದೊಡ್ಡ ಮಕ್ಕಳಿಂದ ಪ್ರಾರಂಭಿಸಿ, ಸ್ವಂತ ಕೂಸನ್ನೂ ಲೆಕ್ಕದಲ್ಲಿ ಒಂದು ಎಂದೇ ಹಿಡಿಯಬೇಕು. ಮೊದಲು ಆರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಈಗ ಹೊರಗಿನ ಐವರನ್ನು ಮಾತ್ರ ಒಪ್ಪಿಕೊಳ್ಳಬಹುದು. ಅದಕ್ಕೆ ತಕ್ಕಂತೆ ಶುಲ್ಕವನ್ನು ಪರಿಷ್ಕರಿಸುವುದು ತಪ್ಪಲ್ಲ.

ಕೂಸಿನ ಮನೆಯಲ್ಲಿ ದುಡಿಯುವವಳಿಗೆ ಸರದಿಯ ಸಂಗಾತಿ ಇದ್ದಾಳೆ, ಅಂಗನವಾಡಿಯವಳಿಗೆ 180 ದಿನಗಳ ರಜೆ ಇದೆ. ಓಣಿಯ ಶಿಶುಪಾಲಕಿಗೆ ಈ ಎರಡನ್ನೂ ಒದಗಿಸುವ ಯೋಜನೆ ಸಾಮಾಜಿಕ ಭದ್ರತಾ ಸಂಹಿತೆಯ ಅಕ್ಷರಗಳಿಂದ ಹೊರಬರುವವರೆಗೆ, ಎರಡನೆಯ ತಿಂಗಳಲ್ಲಿ ಆರಂಭಿಸಿದ ಉಳಿತಾಯ ಮತ್ತು ಐದನೆಯ ತಿಂಗಳಲ್ಲಿ ಸಹಿಯಾದ ಒಂದು ಹಾಳೆಯೇ ಆಕೆಯ ಹೆರಿಗೆ ರಜೆ.